ಹೂವಿನ ಮೇಲಿನ ಪುಟ್ಟ ಹುಳುಗಳು: ಫ್ಲ್ಯಾಶ್ ಬೇಡ, ಇರುವ ಬೆಳಕಲ್ಲೇ ತೆಗೆಯಬೇಕು

ಹೊಸಚಿಗುರು

ಎಲ್ಲರಿಗೂ ನಮಸ್ಕಾರ. ಹೂವಿನ ಮೇಲೆ ಬಂದು ಕೂರುವ ಚಿಕ್ಕ ಹುಳುಗಳ ಹಿಂದೆ ಬಿದ್ದಿದ್ದೇನೆ. ಜೇನು, ಸಣ್ಣ ನೊಣಗಳು, ಗುಲಗಂಜಿ ಹುಳ, ಏನು ಸಿಕ್ಕಿದರೂ ಸರಿ. ಕೈಯಲ್ಲಿರುವುದು ಫುಲ್ ಫ್ರೇಮ್ ಕ್ಯಾಮೆರಾ, 24 ಮೆಗಾಪಿಕ್ಸೆಲ್, ಜೊತೆಗೆ 100 ಮಿಮೀ ಮ್ಯಾಕ್ರೋ ಲೆನ್ಸ್. ಫ್ಲ್ಯಾಶ್ ಇಲ್ಲ. ತಗೊಳ್ಳುವ ಮನಸ್ಸೂ ಇಲ್ಲ, ಯಾಕೆಂದರೆ ನನಗೆ ಇಷ್ಟವಾಗುವುದೇ ಹೂವಿನ ಮೇಲೆ ಬಿದ್ದಿರುವ ಆ ಬಿಸಿಲು.

ಸಮಸ್ಯೆ ಇದು. ಹತ್ತಿರ ಹೋಗಿ 1:1ರಲ್ಲಿ (ಹುಳು ಎಷ್ಟಿದೆಯೋ ಸೆನ್ಸರ್ ಮೇಲೂ ಅಷ್ಟೇ ಗಾತ್ರ) ತೆಗೆದರೆ ಕಣ್ಣು ಮಾತ್ರ ಚೂಪಾಗಿ ಬರುತ್ತದೆ, ಹೊಟ್ಟೆ, ಕಾಲು, ರೆಕ್ಕೆ ಎಲ್ಲಾ ಮಸುಕು. ಸರಿ ಅಂತ ಲೆನ್ಸಿನ ಕಿಂಡಿ ಕಿರಿದು ಮಾಡಿ ಎಫ್ 16ಕ್ಕೆ ಹೋದರೆ ಶಟರ್ ನಿಧಾನವಾಗಿ ಇಡೀ ಫೋಟೋನೇ ಅಲುಗಾಡುತ್ತದೆ. ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಏರಿಸಿದರೆ ಕಾಳುಕಾಳು. ಒಂದು ಸರಿ ಮಾಡಿದರೆ ಇನ್ನೊಂದು ಕೆಡುತ್ತದೆ. ಫ್ಲ್ಯಾಶ್ ಇಲ್ಲದೆ ಇದು ಆಗದ ಕೆಲಸವೇ?

ಎಲೆಮರೆ

ಖಂಡಿತ ಆಗುತ್ತದೆ. ಒಂದೇ ಒಂದು ಮಾತು ಕೇಳಿ: ಸ್ವಲ್ಪ ಹಿಂದೆ ಸರಿಯಿರಿ. 1:1ರ ಮೋಹ ಬಿಡಿ.

ಯಾಕೆ ಅಂತ ಲೆಕ್ಕ ಹಾಕಿಯೇ ಹೇಳುತ್ತೇನೆ. ನಿಮ್ಮ ಕ್ಯಾಮೆರಾದಲ್ಲಿ 1:1 ಇಟ್ಟು ಎಫ್ 8ರಲ್ಲಿ ತೆಗೆದರೆ ಚೂಪಾಗಿ ಬರುವ ಆಳ ಹೆಚ್ಚುಕಮ್ಮಿ 1 ಮಿಮೀ. ಜೇನಿನ ತಲೆಯೇ ಅದಕ್ಕಿಂತ ಅಗಲ. ಎಫ್ 16ಕ್ಕೆ ಹೋದರೆ 2 ಮಿಮೀ ಆಗುತ್ತದೆ. ಆದರೆ ಅದಕ್ಕೆ ಕೊಡಬೇಕಾದ ಬೆಲೆ ಜಾಸ್ತಿ. ಲೆನ್ಸ್ ಅಷ್ಟು ಹತ್ತಿರಕ್ಕೆ ಫೋಕಸ್ ಮಾಡಿದಾಗ ಸೆನ್ಸರ್‌ಗೆ ತಲುಪುವ ಬೆಳಕು ಕಡಿಮೆಯಾಗುತ್ತದೆ. 1:1ರಲ್ಲಿ ಸುಮಾರು ಎರಡು ಸ್ಟಾಪ್ ಹೋಗುತ್ತದೆ (ಒಂದು ಸ್ಟಾಪ್ ಕಡಿಮೆ ಅಂದರೆ ಬೆಳಕು ಅರ್ಧ). ಅಂದರೆ ನೀವು ಎಫ್ 8 ಇಟ್ಟಿದ್ದರೂ ಒಳಗೆ ನಡೆಯುವುದು ಎಫ್ 16ರ ಕೆಲಸ, ಎಫ್ 16 ಇಟ್ಟರೆ ಎಫ್ 32. ಕ್ಯಾಮೆರಾ ತಾನೇ ಮೀಟರ್ ಮಾಡಿಕೊಳ್ಳುವುದರಿಂದ ಇದು ನಮ್ಮ ಗಮನಕ್ಕೆ ಬರುವುದಿಲ್ಲ, ಶಟರ್ ಯಾಕಿಷ್ಟು ನಿಧಾನ ಅಂತ ತಲೆ ಕೆಡಿಸಿಕೊಳ್ಳುತ್ತೇವೆ ಅಷ್ಟೇ. ಮೇಲಾಗಿ ಆ ಮಟ್ಟದಲ್ಲಿ ಬೆಳಕು ಸಣ್ಣ ಕಿಂಡಿಯಲ್ಲಿ ಹರಡಿಕೊಂಡು ಫೋಕಸ್ ಇರುವ ಜಾಗವೂ ಮೆತ್ತಗಾಗುತ್ತದೆ. ನೀವು ಕಷ್ಟಪಟ್ಟು ಗಳಿಸಿದ ಆ ಇನ್ನೊಂದು ಮಿಲಿಮೀಟರ್ ಹೀಗೆ ಕೈ ತಪ್ಪುತ್ತದೆ.

ಈಗ ಅರ್ಧ ಗಾತ್ರಕ್ಕೆ, ಅಂದರೆ 1:2ಕ್ಕೆ ಬನ್ನಿ. ಅದೇ ಎಫ್ 8. ಆಳ ಸುಮಾರು 2.9 ಮಿಮೀ ಆಗುತ್ತದೆ. ಬೆಳಕು ಒಂದು ಸ್ಟಾಪ್‌ನ ಹತ್ತಿರ ಹತ್ತಿರ ಜಾಸ್ತಿ ಸಿಗುತ್ತದೆ. ಆಮೇಲೆ ಕ್ರಾಪ್ ಮಾಡಿ ಹುಳುವನ್ನು ಮೊದಲಿನಷ್ಟೇ ದೊಡ್ಡದಾಗಿ ತೋರಿಸಿ. ಕ್ರಾಪ್ ಮಾಡಿದಾಗ ಮಸುಕೂ ದೊಡ್ಡದಾಗುತ್ತದೆ, ಹಾಗಾಗಿ ಆ 2.9 ಪೂರ್ತಿ ಉಳಿಯುವುದಿಲ್ಲ, 1.4 ಮಿಮೀ ಸುತ್ತ ಉಳಿಯುತ್ತದೆ. ಆದರೂ 1:1ಗಿಂತ ಒಂದೂವರೆ ಪಟ್ಟು ಆಯಿತಲ್ಲ, ಅದೂ ಬೆಳಕು ಕಳೆದುಕೊಳ್ಳದೆ. 24 ಮೆಗಾಪಿಕ್ಸೆಲ್‌ನಲ್ಲಿ ಹೀಗೆ ಕತ್ತರಿಸಿದರೆ 6 ಮೆಗಾಪಿಕ್ಸೆಲ್ ಕೈಯಲ್ಲಿರುತ್ತದೆ. ಪರದೆ ಮೇಲೆ ನೋಡಲು ಧಾರಾಳ ಸಾಕು, ಸಾಧಾರಣ ಪ್ರಿಂಟ್‌ಗೂ ಸಾಕು.

ಮೂರು ನಾಲ್ಕು ಮಿಮೀ ಇರುವ ಹುಳಕ್ಕೆ ಈ ಮಾತು ಹೊಂದುವುದಿಲ್ಲ. ಅದಕ್ಕೆ 1:1 ಬೇಕೇ ಬೇಕು. ಜೇನಿನ ಗಾತ್ರದ್ದಕ್ಕೆ ಬೇಡ.

ಹೊಸಚಿಗುರು

@ಎಲೆಮರೆ ಇದನ್ನು ಯಾರೂ ಹೇಳಿರಲಿಲ್ಲ. ಹತ್ತಿರ ಹೋದಷ್ಟೂ ಒಳ್ಳೆಯದು ಅಂತಲೇ ಎಲ್ಲರೂ ಹೇಳುವುದು. ಹಾಗಾದರೆ ಶಟರ್ ಎಷ್ಟಿರಬೇಕು?

ಎಲೆಮರೆ

ಬಿಸಿಲಿದ್ದರೆ ಹಳೆಯ ಸೂತ್ರ ಒಂದಿದೆ, ಈಗಲೂ ಸುಳ್ಳಾಗಿಲ್ಲ. ನಿಚ್ಚಳ ಬಿಸಿಲಲ್ಲಿ ಎಫ್ 16 ಇಟ್ಟರೆ ಶಟರ್ ಐಎಸ್‌ಒ ಸಂಖ್ಯೆಯಷ್ಟೇ. ಐಎಸ್‌ಒ 400 ಅಂದರೆ 1/400. 1:1ರಲ್ಲಿ ಎಫ್ 8 ಇಟ್ಟರೆ ಅದು ಎಫ್ 16ರ ಹಾಗೆ ವರ್ತಿಸುತ್ತದೆ ಅಂದೆನಲ್ಲ, ಹಾಗಾಗಿ ಐಎಸ್‌ಒ 400ರಲ್ಲಿ ನಿಮಗೆ ಸಿಗುವುದು 1/400. ಅರ್ಧ ಗಾತ್ರದಲ್ಲಿ 1/700ರ ಆಸುಪಾಸು. ಐಎಸ್‌ಒ 800 ಮಾಡಿಕೊಂಡರೆ 1/1250 ದಾಟುತ್ತದೆ. ಇಂದಿನ ಕ್ಯಾಮೆರಾಗಳಿಗೆ ಐಎಸ್‌ಒ 800 ಏನೇನೂ ಅಲ್ಲ.

ನೆರಳಲ್ಲಿ ಮೂರು ಸ್ಟಾಪ್ ಕಡಿಮೆ ಅಂತ ಇಟ್ಟುಕೊಳ್ಳಿ. ಅಲ್ಲಿ ನಿಜವಾಗಿ ಕಷ್ಟ.

ಕೈ ನಡುಕದ ಮಾತು ಬೇರೆ. ಫೋಕಲ್ ಲೆಂತ್ 100 ಇದ್ದರೆ 1/100 ಸಾಕು ಎಂಬ ನಿಯಮ ದೂರದ ದೃಶ್ಯಗಳಿಗೆ ಸರಿ. ಇಲ್ಲಿ ಅದನ್ನು ನಂಬಬೇಡಿ. ಕ್ಯಾಮೆರಾ ಮೇಲೆ ಕೆಳಗೆ ವಾಲುವುದಷ್ಟೇ ಅಲ್ಲ, ನಿಂತಲ್ಲೇ ಒಂದು ಕೂದಲೆಳೆ ಪಕ್ಕಕ್ಕೆ ಸರಿದರೂ ಮ್ಯಾಕ್ರೋದಲ್ಲಿ ಎದ್ದು ಕಾಣುತ್ತದೆ. 1/400 ಕೆಳಗೆ ಹೋಗದಿದ್ದರೆ ನೆಮ್ಮದಿ.

ಕಿರುದೀಪ

ಬೇರೆ ಅಭಿಪ್ರಾಯ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಇಷ್ಟೆಲ್ಲಾ ಲೆಕ್ಕಾಚಾರದ ಬದಲು ಒಂದು ಚಿಕ್ಕ ಫ್ಲ್ಯಾಶ್, ಮುಂದೆ ಒಂದು ಬಿಳಿ ಡಿಫ್ಯೂಸರ್ ಹಾಕಿಕೊಂಡರೆ ಎಲ್ಲಾ ಒಂದೇ ಸಲಕ್ಕೆ ಬಗೆಹರಿಯುತ್ತದೆ. ಕಡಿಮೆ ಪವರ್‌ನಲ್ಲಿ ಫ್ಲ್ಯಾಶ್ ಮಿನುಗುವುದು ಸೆಕೆಂಡಿನ ಸಾವಿರಾರನೇ ಒಂದು ಪಾಲಿನಷ್ಟು ಹೊತ್ತು ಮಾತ್ರ. ಗಾಳಿ ಇರಲಿ, ಕೈ ನಡುಗಲಿ, ಹುಳು ನಡೆಯುತ್ತಿರಲಿ, ಎಲ್ಲವೂ ಸ್ತಬ್ಧ. ಎಫ್ 11, ಐಎಸ್‌ಒ 100, ಮುಗಿಯಿತು. ಕಾಡಿನ ಒಳಗೆ, ಸಂಜೆ ಹೊತ್ತು, 2:1ರಲ್ಲಿ ಬಿಸಿಲು ನಂಬಿಕೊಂಡು ಏನು ತೆಗೆಯುತ್ತೀರಿ?

ಎಲೆಮರೆ

ಕಾಡಿನ ಒಳಗೆ, 2:1ರಲ್ಲಿ ನೀವು ಹೇಳಿದ್ದೇ ಸರಿ. ಅಲ್ಲಿ ನಾನು ವಾದ ಮಾಡುವುದಿಲ್ಲ.

ಆದರೆ ಅವರು ಕೇಳಿದ್ದು ಹೂವಿನ ಮೇಲಿನ ಹುಳು, ಬಿಸಿಲಿನ ಫೋಟೋ. ಫ್ಲ್ಯಾಶ್ ಬೆಳಕು ಹತ್ತಿರದ ವಸ್ತುವಿಗೆ ಬೀಳುತ್ತದೆ, ದೂರ ಹೋದಂತೆ ಬೇಗ ಕರಗುತ್ತದೆ. ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗ. ಅದಕ್ಕೇ ಹುಳು ಬೆಳಗಿ ಹಿಂದೆ ಕಪ್ಪು ಕವಿಯುವುದು. ನಡುಹಗಲಲ್ಲಿ ತೆಗೆದ ಜೇನು ನಡುರಾತ್ರಿಯಲ್ಲಿ ಹಾರುತ್ತಿರುವಂತೆ ಕಾಣುತ್ತದೆ. ಇರುವ ಬೆಳಕಲ್ಲಿ ತೆಗೆದರೆ ಆ ಹಿನ್ನೆಲೆಯ ಹಸಿರು, ಪಕ್ಕದ ಹೂವಿನ ಬಣ್ಣ, ದಳದ ಒಳಗಿಂದ ಸೋಸಿ ಬರುವ ಹೊಳಪು, ಎಲ್ಲಾ ಉಳಿಯುತ್ತದೆ. ಹುಳುವಿನ ಗುರುತಿಗೆ ಫ್ಲ್ಯಾಶ್ ಒಳ್ಳೆಯದು. ಆ ಹುಳು ಯಾವ ಹೊತ್ತಲ್ಲಿ, ಎಂಥಾ ಜಾಗದಲ್ಲಿ ಬದುಕುತ್ತಿತ್ತು ಎಂದು ತೋರಿಸಲು ಬಿಸಿಲೇ ಬೇಕು.

ಕಿರುದೀಪ

ಹಿನ್ನೆಲೆ ಕಪ್ಪಾಗದ ಹಾಗೆ ಫ್ಲ್ಯಾಶ್ ಮತ್ತು ಹಗಲು ಬೆಳಕು ಬೆರೆಸಬಹುದು, ಆದರೆ ಅದಕ್ಕೂ ಶಟರ್ ಇಳಿಸಬೇಕು, ಆಗ ಮತ್ತೆ ಅದೇ ಅಲುಗಾಟದ ಕಾಟ. ಒಪ್ಪಿದೆ.

ಹುಳುಜಾಡು

ಕ್ಯಾಮೆರಾ ಮಾತು ಸಾಕಷ್ಟಾಯಿತು, ನಾನು ಹುಳುವಿನ ಕಡೆಯಿಂದ ಹೇಳುತ್ತೇನೆ. ಬರೀ ಬಿಸಿಲಲ್ಲಿ ತೆಗೆಯುವವರಿಗೆ ದೊಡ್ಡ ಆಸರೆ ಎಂದರೆ ಹುಳುವಿನ ನಡತೆ. ಅದು ಯಾವಾಗ ಕದಲದೆ ನಿಲ್ಲುತ್ತದೆ ಅಂತ ಗೊತ್ತಿದ್ದರೆ 1/400 ಸಾಕಾಗುತ್ತದೆ. ಗೊತ್ತಿಲ್ಲದಿದ್ದರೆ 1/4000 ಕೂಡ ಸಾಲದು.

ಮೊದಲು ಒಂದು ಆಸೆ ಬಿಡಬೇಕು, ಹಾರುವ ರೆಕ್ಕೆಯನ್ನು ನಿಲ್ಲಿಸುವ ಆಸೆ. ಜೇನು ಸೆಕೆಂಡಿಗೆ ಸುಮಾರು 230 ಸಲ ರೆಕ್ಕೆ ಬಡಿಯುತ್ತದೆ. ರೆಕ್ಕೆಯ ತುದಿ ಸೆಕೆಂಡಿಗೆ 7 ಮೀಟರ್ ಲೆಕ್ಕದಲ್ಲಿ ಓಡುತ್ತಿರುತ್ತದೆ. 1/2000ರಲ್ಲಿ ಆ ತುದಿ ಮೂರೂವರೆ ಮಿಮೀ ಸರಿದಿರುತ್ತದೆ, 1/8000ರಲ್ಲೂ ಹತ್ತಿರ ಹತ್ತಿರ 1 ಮಿಮೀ. ರೆಕ್ಕೆ ಮಸುಕಾಗಲಿ ಬಿಡಿ. ಮೈ ಚೂಪಾಗಿದ್ದು ರೆಕ್ಕೆ ಹೊಗೆಯಂತೆ ಕಂಡರೆ ಅದು ಹಾರುತ್ತಿದೆ ಅಂತ ನೋಡಿದವರಿಗೆ ಗೊತ್ತಾಗುತ್ತದೆ.

ಬೆಳಗ್ಗೆ ಬೇಗ ಹೋಗಿ ಅಂತ ಎಲ್ಲರೂ ಹೇಳುತ್ತಾರೆ, ಕಾರಣ ಹೇಳುವವರು ಕಡಿಮೆ. ಹುಳುವಿಗೆ ಹಾರಲು ಎದೆಯ ಸ್ನಾಯು ಬೆಚ್ಚಗಿರಬೇಕು. ಬಂಬಲ್‌ಬೀಗೆ ಅದು 30 ಡಿಗ್ರಿ ಸುತ್ತ ಬರಬೇಕು. ರಾತ್ರಿಯ ತಂಪಿಗೆ ಮೈ ಸೆಡೆತಿರುವಾಗ ಅದು ಎದ್ದು ಹಾರಲಾರದು. ಒಂಟಿಯಾಗಿ ಬದುಕುವ ಕೆಲವು ಜೇನುಗಳ ಗಂಡುಗಳಿಗೆ ಗೂಡಿಲ್ಲ. ಅವು ಒಂದು ಒಣ ಕಡ್ಡಿಯನ್ನೋ ಹುಲ್ಲಿನ ಎಸಳನ್ನೋ ದವಡೆಯಲ್ಲಿ ಕಚ್ಚಿ ಹಿಡಿದು, ಕಾಲು ಮಡಚಿಕೊಂಡು ಹಾಗೇ ಮಲಗಿಬಿಡುತ್ತವೆ. ಕಚ್ಚಿದ ಹಿಡಿತವೊಂದೇ ಆಧಾರ. ಹಿಂದಿನ ಸಂಜೆ ಆ ಕಡ್ಡಿ ನೋಡಿಟ್ಟುಕೊಂಡರೆ ಬೆಳಗ್ಗೆ ಹುಡುಕುವ ಕೆಲಸವಿಲ್ಲ. ಸೂರ್ಯ ಅದರ ಮೇಲೆ ಬಿದ್ದಾಗ ನೋಡಬೇಕು. ಮೊದಲು ಒಂದು ಕಾಲು ಕದಲುತ್ತದೆ. ಆಮೇಲೆ ಮುಂಗಾಲು ಎತ್ತಿ ಕುಡಿಮೀಸೆಯನ್ನು ಅದರ ಮೇಲಿಂದ ಎಳೆಯುತ್ತದೆ. ಜೇನಿನ ಮುಂಗಾಲಲ್ಲಿ ಇದಕ್ಕೆಂದೇ ಒಂದು ಕಚ್ಚು ಇದೆ, ಕುಡಿಮೀಸೆ ಅದರೊಳಗೆ ಕೂತು ಎಳೆದಾಗ ಧೂಳು, ಪರಾಗ ಎಲ್ಲಾ ಒರೆಸಿಹೋಗುತ್ತದೆ. ಆ ಹೊತ್ತಿನ ಬೆಳಕು ಓರೆಯಾಗಿ, ಮೆತ್ತಗೆ ಬರುತ್ತಿರುತ್ತದೆ, ಹುಳು ಜಾಗ ಬಿಟ್ಟು ಕದಲುವುದಿಲ್ಲ. ಇದಕ್ಕಿಂತ ಇನ್ನೇನು ಬೇಕು?

ಆದರೆ ಬೆಳಗ್ಗೆ ಒಂದೇ ಅಂತಲ್ಲ. ಹಗಲಲ್ಲೂ ಹುಳು ನಿಲ್ಲುವ ಗಳಿಗೆಗಳಿವೆ.

ಟೊಮೆಟೊ, ಬದನೆ ಜಾತಿಯ ಹೂಗಳನ್ನು ನೋಡಿ. ಅವುಗಳ ಪರಾಗ ನಡುವಿನ ಕೊಳವೆಗಳ ಒಳಗೆ ಇರುತ್ತದೆ. ಕೆಲವು ಜೇನುಗಳು ಆ ಕೊಳವೆಯನ್ನು ಕಚ್ಚಿ, ಮೈಯನ್ನು ಅದರ ಸುತ್ತ ಬಾಗಿಸಿ, ರೆಕ್ಕೆ ಬೆನ್ನಿಗೆ ಮಡಚಿಕೊಂಡು ಎದೆಯ ಸ್ನಾಯುವನ್ನು ಮಾತ್ರ ಅದುರಿಸುತ್ತವೆ. ಪರಾಗ ಉದುರುತ್ತದೆ. ಹಾರುವಾಗಿನ ಗುಂಯ್ ಶಬ್ದಕ್ಕಿಂತ ಎತ್ತರದ ಶ್ರುತಿ ಕೇಳಿಸುತ್ತದೆ, ಕಿವಿಗೇ ಗೊತ್ತಾಗುತ್ತದೆ. ಜೇನುಗೂಡಿನ ಜೇನು ಈ ಕೆಲಸ ಮಾಡುವುದಿಲ್ಲ. ಬಂಬಲ್‌ಬೀ, ಮರ ಕೊರೆಯುವ ದುಂಬಿ, ನೀಲಿ ಪಟ್ಟೆಯ ಜೇನು ಮಾಡುತ್ತವೆ. ಆ ಶಬ್ದ ಕೇಳಿದ ಕೂಡಲೇ ಒತ್ತಿ. ಮೈ ಅದುರುತ್ತಿದ್ದರೂ ಅದು ಹೂ ಬಿಟ್ಟು ಕದಲುವುದಿಲ್ಲ, ರೆಕ್ಕೆ ಬೀಸುತ್ತಿಲ್ಲ.

ಸೂರ್ಯಕಾಂತಿಯಂಥ ಹೂವಿನಲ್ಲಿ ಇನ್ನೊಂದು ಅನುಕೂಲ. ನಡುವಿನ ತಟ್ಟೆಯಲ್ಲಿ ನೂರಾರು ಪುಟ್ಟ ಹೂಗಳಿರುತ್ತವೆ, ಅವು ಅಂಚಿನಿಂದ ಒಳಕ್ಕೆ ಸಾಲುಸಾಲಾಗಿ ಅರಳುತ್ತವೆ. ಇವತ್ತು ಪರಾಗ ಇರುವುದು ಒಂದು ಉಂಗುರದಲ್ಲಿ ಮಾತ್ರ. ಜೇನು ಆ ಉಂಗುರದ ಮೇಲೆಯೇ ಸುತ್ತು ಹಾಕುತ್ತದೆ. ನೀವು ಅದರ ಹಿಂದೆ ಓಡಬೇಡಿ. ಉಂಗುರದ ಒಂದು ಕಡೆ ಫೋಕಸ್ ಮಾಡಿ ಕಾಯಿರಿ, ಅದೇ ಪಕ್ಕ ತಿರುಗಿಕೊಂಡು ನಿಮ್ಮ ಮುಂದೆ ಬರುತ್ತದೆ. ಉದ್ದ ತೆನೆಯಂಥ ಹೂಗೊಂಚಲಾದರೆ ಸಾಮಾನ್ಯವಾಗಿ ಕೆಳಗಿಂದ ಮೇಲಕ್ಕೆ ಹೋಗುತ್ತದೆ. ಅದು ಕೂತಿರುವ ಹೂವಿಗಿಂತ ಎರಡು ಹೂ ಮೇಲಕ್ಕೆ ಫೋಕಸ್ ಇಟ್ಟುಕೊಂಡಿರಿ.

ಹೊಸಚಿಗುರು

@ಹುಳುಜಾಡು ಎರಡೆರಡು ಸಲ ಓದಿದೆ. ಒಂದು ಪ್ರಶ್ನೆ. ನಾನು ಜೇನು ಅಂದುಕೊಂಡು ತೆಗೆದಿರುವ ಕೆಲವು ಗಾಳಿಯಲ್ಲಿ ಒಂದೇ ಕಡೆ ನಿಲ್ಲುತ್ತವೆ. ಹಳದಿ ಕಪ್ಪು ಪಟ್ಟೆ ಇದೆ. ಅವು ಜೇನೇನಾ?

ಹುಳುಜಾಡು

ಹೋವರ್‌ಫ್ಲೈ ಇರಬೇಕು. ನೊಣದ ಜಾತಿ, ವೇಷ ಮಾತ್ರ ಜೇನಿನದು, ಕಣಜದ್ದು. ಕುಟುಕುವುದಿಲ್ಲ. ಗುರುತು ಸುಲಭ: ರೆಕ್ಕೆ ಎರಡೇ ಇರುತ್ತವೆ, ಜೇನಿಗೆ ನಾಲ್ಕು. ಕುಡಿಮೀಸೆ ಮೋಟು. ಕಣ್ಣು ತಲೆಯನ್ನೆಲ್ಲ ಆವರಿಸಿರುತ್ತದೆ. ಬಹಳಷ್ಟು ಜಾತಿಗಳಲ್ಲಿ ಎರಡು ಕಣ್ಣು ನೆತ್ತಿಯ ಮೇಲೆ ಒಂದಕ್ಕೊಂದು ತಾಗಿದ್ದರೆ ಗಂಡು, ನಡುವೆ ಸಂದು ಇದ್ದರೆ ಹೆಣ್ಣು. ಒಳ್ಳೆಯ ಫೋಟೋದಲ್ಲಿ ಇದು ಚೆನ್ನಾಗಿ ಕಾಣುತ್ತದೆ.

ಬರೀ ಬಿಸಿಲಲ್ಲಿ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಹುಳು ಇಲ್ಲ. ಪರಾಗ ತಿನ್ನಲು ಕೂತರೆ ಬೇಗ ಏಳುವುದಿಲ್ಲ. ಎದ್ದರೂ ಗಾಳಿಯಲ್ಲಿ ನಿಲ್ಲುತ್ತದೆ, ಮತ್ತೆ ಅದೇ ಜಾಗಕ್ಕೆ ಬರುತ್ತದೆ.

ಇನ್ನೊಂದು. ಹೂವಿನ ಮೇಲೆ ಜೇನೊಂದು ತುಂಬ ಹೊತ್ತು ಕದಲದೆ, ಮೈ ವಾಲಿಸಿಕೊಂಡು ವಿಚಿತ್ರವಾಗಿ ಕೂತಿದ್ದರೆ ಅದರ ಕತ್ತಿನ ಹತ್ತಿರ ನೋಡಿ. ಏಡಿ ಜೇಡ ಹಿಡಿದಿರಬಹುದು. ಬಲೆ ಹೆಣೆಯದೆ ಹೂವಿನಲ್ಲೇ ಕಾದು ಕೂರುವ ಜೇಡ ಅದು. ಕೆಲವು ಜಾತಿಗಳು ಕೂತ ಹೂವಿಗೆ ತಕ್ಕಂತೆ ಬಿಳಿಯಿಂದ ಹಳದಿಗೆ ಬಣ್ಣ ಬದಲಿಸುತ್ತವೆ, ಅದಕ್ಕೆ ದಿನಗಟ್ಟಲೆ ಬೇಕು. ಜೇಡ ಕೀಟವಲ್ಲ, ಎಂಟು ಕಾಲು, ಆದರೆ ಹೂವಿನ ಫೋಟೋ ತೆಗೆಯುವವರಿಗೆ ಅದು ನೆಂಟ.

ತುಂಬೆಹೂ

ನನ್ನ ಬಳಿ ಇರುವುದು ಫೋನ್ ಒಂದೇ. ನಾನು ಬರಬಹುದಾ ಈ ಮಾತಿಗೆ?

ಎಲೆಮರೆ

ಖಂಡಿತ ಬನ್ನಿ. ಫೋನಿನ ಸೆನ್ಸರ್ ಚಿಕ್ಕದು, ಅದರಿಂದ ಆಳ ತಾನಾಗಿಯೇ ಜಾಸ್ತಿ ಸಿಗುತ್ತದೆ. ಈ ಒಂದು ವಿಷಯದಲ್ಲಿ ನೀವು ನಮಗಿಂತ ಮುಂದೆ. ತೊಂದರೆ ಬೇರೆ ಇದೆ. ಬಹಳ ಫೋನ್‌ಗಳ ಮ್ಯಾಕ್ರೋ ಮೋಡ್ ಅಗಲ ಕೋನದ ಲೆನ್ಸ್ ಬಳಸುತ್ತದೆ, ಹುಳುವಿನಿಂದ ಕೆಲವೇ ಸೆಂಟಿಮೀಟರ್ ದೂರಕ್ಕೆ ಹೋಗಬೇಕು. ಅಷ್ಟು ಹತ್ತಿರ ಹೋದಾಗ ಫೋನಿನ ನೆರಳೇ ಹುಳುವಿನ ಮೇಲೆ ಬೀಳುತ್ತದೆ. ಬೆಳಕೂ ಹೋಯಿತು, ಹುಳುವೂ ಹೋಯಿತು. ಹಾಗಾಗಿ ಸೂರ್ಯನನ್ನು ಬೆನ್ನಿಗೆ ಹಾಕಿಕೊಳ್ಳಬೇಡಿ. ಬೆಳಕು ಪಕ್ಕದಿಂದಲೋ ಎದುರಿಂದ ಓರೆಯಾಗಿಯೋ ಬರುವ ಹಾಗೆ ನಿಲ್ಲಿ. ಫೋನಿನಲ್ಲಿ ಟೆಲಿ ಲೆನ್ಸ್ ಇದ್ದು ಅದು ಹತ್ತಿರ ಫೋಕಸ್ ಆಗುವುದಾದರೆ ಅದನ್ನೇ ಬಳಸಿ, ದೂರ ಉಳಿಯಬಹುದು. ಗುಲಗಂಜಿ ಹುಳ, ಕಂಬಳಿಹುಳು, ನಿಧಾನ ನಡೆಯುವ ಜೀರುಂಡೆಗಳಿಂದ ಶುರು ಮಾಡಿ.

ಕ್ಯಾಮೆರಾ ಇದ್ದು ಮ್ಯಾಕ್ರೋ ಲೆನ್ಸ್ ಇಲ್ಲದವರಿಗೂ ಒಂದು ಮಾತು. ಟೆಲಿ ಲೆನ್ಸ್ ಮುಂದೆ ಸಿಕ್ಕಿಸುವ ಕ್ಲೋಸಪ್ ಗಾಜು ಬರುತ್ತದೆ. ರೇನಾಕ್ಸ್ ಡಿಸಿಆರ್ 250 ಅನ್ನುವುದು 8 ಡಯಾಪ್ಟರ್ (ಗಾಜಿನ ಶಕ್ತಿಯ ಅಳತೆ), ಡಿಸಿಆರ್ 150 ಅನ್ನುವುದು 4.8. 200 ಮಿಮೀ ಲೆನ್ಸ್‌ಗೆ 8 ಡಯಾಪ್ಟರ್ ಹಾಕಿದರೆ 1.6 ಪಟ್ಟು ದೊಡ್ಡದಾಗುತ್ತದೆ, ಬಿಸಿಲಿಗೆ ಅದು ಅತಿಯಾಯಿತು. 4.8 ಆದರೆ ಹತ್ತಿರ ಹತ್ತಿರ 1:1. ನಾನು ಹೇಳುವ ಅರ್ಧ ಗಾತ್ರಕ್ಕೆ ಜೂಮ್ ಹಿಂದಕ್ಕೆ ತಂದರಾಯಿತು. ಹುಳುವಿನಿಂದ ಒಂದು ಗೇಣು ದೂರ ಉಳಿಯುತ್ತದೆ.

ನೆರಳುಗಾರ

ಬೆಳಕಿನ ಪ್ರಮಾಣದ ಬಗ್ಗೆ ಮಾತಾಡಿದಿರಿ, ಅದರ ಗುಣದ ಬಗ್ಗೆ ಯಾರೂ ಹೇಳಲಿಲ್ಲ.

ಸೂರ್ಯ ಆಕಾಶದಲ್ಲಿ ಅರ್ಧ ಡಿಗ್ರಿಯಷ್ಟು ಅಗಲದ ಒಂದು ಚುಕ್ಕೆ. ಅದಕ್ಕೇ ನೆರಳು ಗಡುಸು. ಜೀರುಂಡೆಯ ಬೆನ್ನಿನ ಮೇಲೆ ಒಂದು ಬಿಳಿ ಚುಕ್ಕೆ ಉರಿಯುತ್ತದೆ, ಉಳಿದದ್ದೆಲ್ಲಾ ಕಪ್ಪು. ಮೋಡದ ದಿನ ಇಡೀ ಆಕಾಶವೇ ದೀಪ. ಆದರೆ ಮೋಡ ಬಂದರೆ ಬೆಳಕೂ ಕಡಿಮೆ, ತಂಪಿಗೆ ಹುಳುಗಳೂ ಕಡಿಮೆ. ತೆಳು ಮೋಡ ಇದ್ದರೆ ಆ ದಿನ ಬಿಡಬೇಡಿ.

ಮೋಡ ಇಲ್ಲದಿದ್ದರೆ ಮಾಡಿಕೊಳ್ಳಬಹುದು. ಬೆಳಕು ದಾಟುವ ಬಿಳಿ ಬಟ್ಟೆಯೋ, ಟ್ರೇಸಿಂಗ್ ಹಾಳೆಯೋ 30 ಸೆಂಮೀ ಅಗಲ ಇದ್ದರೆ ಸಾಕು. ಹೂವಿನಿಂದ 15 ಸೆಂಮೀ ದೂರ ಹಿಡಿದರೆ ಹುಳುವಿನ ಪಾಲಿಗೆ ಅದು 90 ಡಿಗ್ರಿ ಅಗಲದ ದೀಪ. ಅರ್ಧ ಡಿಗ್ರಿ ಎಲ್ಲಿ, 90 ಎಲ್ಲಿ! ಬಟ್ಟೆ ದೂರ ಹಿಡಿದಷ್ಟೂ ಮತ್ತೆ ಗಡುಸಾಗುತ್ತದೆ, ಹತ್ತಿರ ಇರಬೇಕು, ಚೌಕಟ್ಟಿನ ಅಂಚಿಗೆ ತಾಗುವಷ್ಟು. ಒಂದೆರಡು ಸ್ಟಾಪ್ ಬೆಳಕು ಹೋಗುತ್ತದೆ ಅನ್ನುವುದು ನಿಜ. ಅದಕ್ಕೇ ಎಲೆಮರೆಯವರ ಅರ್ಧ ಗಾತ್ರದ ಲೆಕ್ಕ ನನಗೆ ಇಷ್ಟವಾಯಿತು. ಅಲ್ಲಿ ಉಳಿಸಿದ್ದನ್ನು ಇಲ್ಲಿ ಖರ್ಚು ಮಾಡಬಹುದು.

ಹುಳು ಕೂತ ಮೇಲೆ ಬಟ್ಟೆ ಹಿಡಿಯಲು ಹೋಗಬೇಡಿ. ಮೇಲಿಂದ ನೆರಳು ಹಾದರೆ ಅದಕ್ಕೆ ಹಕ್ಕಿ ಬಂದ ಹಾಗೆ, ಕ್ಷಣದಲ್ಲಿ ಮಾಯ. ಮೊದಲೇ ಒಂದು ಒಳ್ಳೆಯ ಹೂ ಆರಿಸಿ, ಬಟ್ಟೆ ಹಿಡಿದು ಕಾಯಿರಿ. ಹೊಸದಾಗಿ ಬರುವ ಹುಳುವಿಗೆ ಆ ನೆರಳು ಮೊದಲಿನಿಂದಲೂ ಇದ್ದದ್ದೇ. ಕೆಳಗಡೆ ಹೊಟ್ಟೆಯ ಭಾಗ ಕಪ್ಪಾಗುತ್ತಿದ್ದರೆ ಒಂದು ಬಿಳಿ ಕಾರ್ಡ್ ಹೂವಿನ ಕೆಳಗೆ ಇಡಿ. ಬೆಳ್ಳಿ ಹಾಳೆ ಬೇಡ, ಅದರ ಪ್ರತಿಫಲನ ಕಣ್ಣಿಗೆ ಹೊಡೆದಂತಿರುತ್ತದೆ.

ತುಂಬೆಹೂ

ಗಾಳಿಗೆ ಏನು ಮಾಡುತ್ತೀರಿ? ನನಗೆ ಅದೇ ದೊಡ್ಡ ತಲೆನೋವು.

ನೆರಳುಗಾರ

ಎಡಗೈಯ ಎರಡು ಬೆರಳಲ್ಲಿ ಹೂವಿನ ದೇಟು ಹಿಡಿಯಿರಿ. ಅದೇ ಕೈಯ ಮಣಿಕಟ್ಟಿನ ಮೇಲೆ ಲೆನ್ಸ್ ಊರಿ. ಈಗ ಗಾಳಿ ಬಂದರೂ, ಕೈ ಅಲುಗಿದರೂ ಹೂವೂ ಲೆನ್ಸೂ ಒಟ್ಟಿಗೆ ಅಲುಗುತ್ತವೆ, ನಡುವಿನ ದೂರ ಬದಲಾಗುವುದಿಲ್ಲ. ಮ್ಯಾಕ್ರೋದಲ್ಲಿ ಬೇಕಾಗಿರುವುದು ಅದೊಂದೇ. ಟ್ರೈಪಾಡ್‌ನಿಂದ ಇದು ಸಾಧ್ಯವಿಲ್ಲ, ಅದು ಕ್ಯಾಮೆರಾ ಹಿಡಿಯುತ್ತದೆ, ಹೂ ಹಿಡಿಯುವುದಿಲ್ಲ. ಆಟೋಫೋಕಸ್ ಆಫ್ ಮಾಡಿ, ಗಾತ್ರ ಒಂದು ಕಡೆ ನಿಲ್ಲಿಸಿ, ಮಣಿಕಟ್ಟಿನ ಮೇಲೆ ಲೆನ್ಸನ್ನು ನಿಧಾನ ಹಿಂದೆ ಮುಂದೆ ಜಾರಿಸುತ್ತಾ ಕಣ್ಣು ಚೂಪಾದಾಗ ಮೂರು ನಾಲ್ಕು ಒಟ್ಟಿಗೆ ಹೊಡೆಯಿರಿ. ದೇಟು ಹಿಡಿಯುವಾಗ ಮಾತ್ರ ಮೆಲ್ಲಗೆ. ಮುಳ್ಳು, ಇರುವೆ, ಜೇಡ ನೋಡಿಕೊಂಡು ಹಿಡಿಯಿರಿ.

ಅಲೆಮಾರಿ

ಹುಳುವನ್ನು ಹಿಡಿದು ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಟ್ಟು, ಮಂಕಾದ ಮೇಲೆ ಹೂವಿನ ಮೇಲಿಟ್ಟು ತೆಗೆಯುತ್ತಾರೆ ಅಂತ ಕೇಳಿದ್ದೇನೆ. ಬೆಳಗ್ಗೆ ಬೇಗ ಏಳುವುದು ತಪ್ಪುತ್ತದಲ್ಲ. ಅದು ಹೇಗೆ?

ಹುಳುಜಾಡು

ದಯವಿಟ್ಟು ಮಾಡಬೇಡಿ. ಅದು ಸಾಯಬಹುದು, ಉಳಿದರೂ ಹಾರಲಾಗದ ಹೊತ್ತಲ್ಲಿ ಬೇರೆ ಪ್ರಾಣಿಯ ಬಾಯಿಗೆ ಬೀಳುತ್ತದೆ. ಫೋಟೋದಲ್ಲೂ ಗೊತ್ತಾಗುತ್ತದೆ. ಕಾಲು ಒಳಕ್ಕೆ ಮಡಚಿಕೊಂಡಿರುತ್ತದೆ, ಕುಡಿಮೀಸೆ ಜೋತುಬಿದ್ದಿರುತ್ತದೆ, ಹೂವನ್ನು ಹಿಡಿದುಕೊಂಡಿರುವುದಿಲ್ಲ. ಬದುಕಿರುವ ಹುಳು ದಳವನ್ನು ಉಗುರಿನಿಂದ ಕಚ್ಚಿ ಹಿಡಿದಿರುತ್ತದೆ, ಆ ಹಿಡಿತಕ್ಕೆ ದಳ ಸ್ವಲ್ಪ ಬಾಗಿರುತ್ತದೆ ಕೂಡ. ಮೇಲಾಗಿ ಆ ಹುಳು ಆ ಹೂವಿಗೆ ಬರುವುದೇ ಇಲ್ಲ ಅಂತಾದರೆ? ಯಾರೋ ಆ ಫೋಟೋ ನೋಡಿ ಈ ಹೂವಿಗೆ ಈ ಹುಳು ಬರುತ್ತದೆ ಅಂತ ನಂಬುತ್ತಾರೆ. ನೀರು ಚಿಮುಕಿಸಿ ಇಬ್ಬನಿ ಅನ್ನುವುದೂ ನನಗೆ ಹಿಡಿಸುವುದಿಲ್ಲ. ನಿಜವಾದ ಇಬ್ಬನಿ ಕೂದಲು ಕೂದಲಿಗೂ ಸಣ್ಣ ಹನಿಯಾಗಿ ಕೂತಿರುತ್ತದೆ, ಚಿಮುಕಿಸಿದ ನೀರು ದೊಡ್ಡ ದೊಡ್ಡ ಹನಿಯಾಗಿ ಹರಿದುಹೋಗುತ್ತದೆ.

ಅಲೆಮಾರಿ

ಸರಿ, ಗೊತ್ತಾಯಿತು. ಬೆಳಗ್ಗೆಯೇ ಏಳುತ್ತೇನೆ.

ಹೊಸಚಿಗುರು

ನೀವೆಲ್ಲಾ ಹೇಳಿದ್ದನ್ನು ಮಾಡಿ ನೋಡಿ ಬಂದೆ. ಅರ್ಧ ಗಾತ್ರ, ಎಫ್ 8, ಐಎಸ್‌ಒ 800. ಹೋವರ್‌ಫ್ಲೈ ಒಂದು ಹಳದಿ ಹೂವಿನ ಮೇಲೆ ಕೂತು ಪರಾಗ ತಿನ್ನುತ್ತಿತ್ತು. ಹುಳುವಿನ ಮೈ ಕ್ಯಾಮೆರಾಕ್ಕೆ ಅಡ್ಡವಾಗಿ ಬರುವ ತನಕ ಕಾದೆ, ಸೆನ್ಸರ್‌ಗೆ ಸಮಾನಾಂತರವಾಗಿ ನಿಂತಾಗ ಒತ್ತಿದೆ. ಕಣ್ಣಿನಿಂದ ಹೊಟ್ಟೆಯ ತುದಿಯವರೆಗೆ ಚೂಪು! ಮುಂಗಾಲನ್ನು ಒಂದಕ್ಕೊಂದು ಉಜ್ಜಿ ಪರಾಗ ಬಿಡಿಸಿಕೊಳ್ಳುತ್ತಿದ್ದದ್ದು ಸಹ ಕಾಣುತ್ತದೆ. ಕಣ್ಣುಗಳ ನಡುವೆ ಸಂದು ಇದೆ, ಹಾಗಾಗಿ ಹೆಣ್ಣು ಅಂದುಕೊಂಡಿದ್ದೇನೆ.

ಆದರೆ ಹೂವಿನ ದಳ ಬರೀ ಹಳದಿ ಬಣ್ಣ ಬಳಿದ ಹಾಗಿದೆ. ಗೆರೆ ಇಲ್ಲ, ಮಡಿಕೆ ಇಲ್ಲ, ಏನೂ ಇಲ್ಲ. ಹಿಸ್ಟೋಗ್ರಾಂ (ಫೋಟೋದ ಕಪ್ಪಿನಿಂದ ಬಿಳಿವರೆಗಿನ ಬೆಳಕಿನ ನಕ್ಷೆ) ನೋಡಿದರೆ ಎಲ್ಲೂ ಬಲಗಡೆ ಅಂಚಿಗೆ ತಾಗಿಲ್ಲ. ಇದು ಯಾಕೆ?

ನೆರಳುಗಾರ

ನೀವು ನೋಡಿದ್ದು ಬಿಳಿ ಹಿಸ್ಟೋಗ್ರಾಂ ಇರಬೇಕು, ಅದು ಮೂರು ಬಣ್ಣವನ್ನೂ ಸೇರಿಸಿ ತೋರಿಸುತ್ತದೆ. ಕೆಂಪು, ಹಸಿರು, ನೀಲಿ ಬೇರೆ ಬೇರೆ ತೋರಿಸುವಂತೆ ಮಾಡಿಕೊಳ್ಳಿ. ಹಳದಿ ಹೂವಿನಲ್ಲಿ ನೀಲಿ ತೀರಾ ಕಡಿಮೆ, ಕೆಂಪು ತೀರಾ ಜಾಸ್ತಿ. ಮೂರನ್ನೂ ಸೇರಿಸಿ ನೋಡಿದಾಗ ಪರವಾಗಿಲ್ಲ ಅನ್ನಿಸುತ್ತದೆ, ಆದರೆ ಕೆಂಪು ಆಗಲೇ ಅಂಚು ದಾಟಿ ಹೋಗಿರುತ್ತದೆ. ದಳದ ಗೆರೆಗಳೆಲ್ಲಾ ಅಲ್ಲೇ ಇದ್ದದ್ದು. ಕೆಂಪು ಹೂವಿನಲ್ಲೂ ಇದೇ ಕತೆ, ಇನ್ನೂ ಜೋರು.

ಎಕ್ಸ್‌ಪೋಷರ್ ಮೂರನೇ ಎರಡು ಸ್ಟಾಪ್ ಇಳಿಸಿ, ಕಡು ಬಿಸಿಲಾದರೆ ಒಂದು ಪೂರ್ತಿ ಸ್ಟಾಪ್. ರಾ ಫೈಲ್‌ನಲ್ಲೇ, ಅಂದರೆ ಕ್ಯಾಮೆರಾ ತಿದ್ದದ ಮೂಲ ಫೈಲ್‌ನಲ್ಲೇ, ತೆಗೆಯಿರಿ. ಹುಳುವಿನ ಕಪ್ಪು ಭಾಗವನ್ನು ಆಮೇಲೆ ಎತ್ತಬಹುದು, ಹೋದ ಹಳದಿ ವಾಪಸ್ ಬರುವುದಿಲ್ಲ. ಹೂವಿನ ಹಿಂದೆ ಗಾಢ ನೆರಳಿದ್ದರೆ ಇನ್ನೂ ಹುಷಾರು, ಕ್ಯಾಮೆರಾ ಆ ಕತ್ತಲೆಯನ್ನು ನೋಡಿ ಎಲ್ಲವನ್ನೂ ಬೆಳಗಿಸಲು ಹೊರಡುತ್ತದೆ.

ಎಲೆಮರೆ

ಅದರ ಜೊತೆಗೆ ವೈಟ್ ಬ್ಯಾಲೆನ್ಸ್ ಕೂಡ ಒಮ್ಮೆ ನೋಡಿ. ನೆರಳಲ್ಲಿ ನೀಲಿ, ಎಲೆಗಳ ನಡುವೆ ಹಸಿರು ಛಾಯೆ ಹುಳುವಿನ ಹೊಟ್ಟೆಗೆ ಬಡಿಯುತ್ತದೆ. ನೆರಳುಗಾರ ಹೇಳಿದ ಬಿಳಿ ಕಾರ್ಡ್ ಕೆಳಗೆ ಇಟ್ಟರೆ ಆ ಹಸಿರೂ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಅದೇ ಹೂವಿಗೆ ನಾಳೆ ಬಿಸಿಲು ಓರೆಯಾಗಿರುವಾಗ ಇನ್ನೊಮ್ಮೆ ಹೋಗಿ, ದಳದ ಗೆರೆ ಪಕ್ಕದ ಬೆಳಕಿಗೆ ತಾನೇ ಎದ್ದು ಕಾಣುತ್ತದೆ. ಆ ಹೋವರ್‌ಫ್ಲೈ ಫೋಟೋವನ್ನು ಕ್ರಾಪ್ ಮಾಡದೆಯೂ ಒಮ್ಮೆ ಹಾಕಿ, ಹೂವಿನ ಸುತ್ತ ಏನಿತ್ತು ನೋಡಬೇಕು.